ಒಂದೇ ಕಡೆ ನಿಂತ ಫ್ಯಾನು

ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಎಲ್‌ಇಡಿ ದೀಪದ ಕೆಳಗೆ ಕುಂಡಗಳು ಸಾಲಾಗಿದ್ದವು. ಎದುರಿಗೆ ಟೇಬಲ್ ಫ್ಯಾನೊಂದು ಆ ತುದಿಯಿಂದ ಈ ತುದಿಗೆ ಕತ್ತು ತಿರುಗಿಸುತ್ತ ಗಾಳಿ ಬೀಸುತ್ತಿತ್ತು.

"ಫ್ಯಾನಣ್ಣ, ನೀನು ಆಚೆ ತಿರುಗಿದಾಗಲೆಲ್ಲ ನನಗೆ ಜೀವ ಹೋದಂತಾಗುತ್ತದೆ. ನನ್ನ ಎದುರೇ ನಿಂತುಬಿಡು," ಎಂದಿತು ಟೊಮೆಟೊ ಗಿಡ.

ಇಷ್ಟು ಪ್ರೀತಿಯಿಂದ ಫ್ಯಾನನ್ನು ಯಾರೂ ಕರೆದಿರಲಿಲ್ಲ. ಅದು ಟೊಮೆಟೊದ ಕಡೆಗೇ ಮುಖಮಾಡಿ ನಿಂತಿತು.

"ಇದೇನು ಮಾಡಿದೆ!" ದೀಪ ಚಡಪಡಿಸಿತು. "ಬೆಳಕು ಕೊಡುವಾಗ ನನ್ನ ಮೈ ಕಾಯುತ್ತದೆ. ಆ ಕಾವೆಲ್ಲ ಮೂಲೆಯಲ್ಲಿ ತುಂಬಿಕೊಂಡಿದೆ. ಅಲ್ಲಿ ಕೊತ್ತಂಬರಿ ಬಾಡುತ್ತಿದೆ, ನೋಡು."

"ನನ್ನನ್ನು ಕರೆದದ್ದು ಟೊಮೆಟೊ ಮಾತ್ರ," ಎಂದಿತು ಫ್ಯಾನು.

"ನಾವು ಕರೆಯಲಿಲ್ಲ, ನಿಜ," ಎಂದಿತು ಕೊತ್ತಂಬರಿ. "ಕರೆಯದಿದ್ದರೂ ಬರುತ್ತೀಯೆಂದು ನಂಬಿದ್ದೆವು."

ಫ್ಯಾನಿಗೆ ಕಸಿವಿಸಿಯಾಯಿತು. ಆದರೂ ಕತ್ತು ಹೊರಳಿಸಲಿಲ್ಲ. ಸಂಜೆಯಾಗುವಷ್ಟರಲ್ಲಿ, ಒಂದೇ ಸಮನೆ ಬಡಿದ ಗಾಳಿಗೆ ಟೊಮೆಟೊದ ಮಣ್ಣು ಬಿರಿದು, ಎಲೆಗಳು ಒಣಗಿ ಸುರುಟಿದವು.

"ಅಣ್ಣಾ, ನಿನ್ನ ದಮ್ಮಯ್ಯ, ಸ್ವಲ್ಪ ಆಚೆ ತಿರುಗು!" ಎಂದು ಟೊಮೆಟೊವೇ ಅಂಗಲಾಚಿತು.

ಫ್ಯಾನು ಮೂಲೆಯತ್ತ ತಿರುಗಿತು. ಕೊತ್ತಂಬರಿಯ ಅರ್ಧ ಸಸಿಗಳು ಆಗಲೇ ಮಣ್ಣಿಗೆ ಒರಗಿದ್ದವು. ಉಳಿದರ್ಧ ಗಾಳಿ ಸೋಕಿ ಮೆಲ್ಲಗೆ ಅಲುಗಿದವು, ಒಂದೂ ದೂರಲಿಲ್ಲ.