ಆಕಾಶ ಯಾವ ಕಡೆ ಇತ್ತು?

ಅಪರೂಪದ ಕಲ್ಲೊಂದನ್ನು ಹುಡುಕಿ ತಂದ ಶಿಷ್ಯನ ಕೈಯಿಂದ ಗುರುಗಳು ಸುತ್ತಿಗೆ ಇಸಿದುಕೊಂಡು, ಬದಲಿಗೆ ಏನು ಕೊಟ್ಟರು? ಊಹಿಸಿ ನೋಡೋಣ. ಶಾಬಾಸ್‌ಗಿರಿ ಅಂದಿರಾ? ಅಲ್ಲ. ಬೈಗುಳ? ಅದೂ ಅಲ್ಲ.

ಒಂದು ಚೊಂಬು ನೀರು.

ಆ ಕಾಲವೇ ಹಾಗಿತ್ತು ಬಿಡಿ. ಘಟಪ್ರಭೆಯ ದಂಡೆಯಲ್ಲಿ ಒಂದು ಹಂಚಿನ ಮನೆ, ಅಂಗಳದ ತುಂಬ ಕಲ್ಲು. ಭೂಮಿಯ ಚರಿತ್ರೆ ಕಲಿಯಬೇಕೆನ್ನುವವರು ಮುರಿಗೆಪ್ಪ ಗುರುಗಳ ಹತ್ತಿರ ಬಂದು ಅಲ್ಲಿಯೇ ಇರುತ್ತಿದ್ದರು. ಬೆಳಗಾದರೆ ರೊಟ್ಟಿ ಕಟ್ಟಿಕೊಂಡು ಹೊಳೆಗುಂಟ ನಡೆಯುವುದು. ಕಲ್ಲನ್ನು ಮುಟ್ಟಿ, ಒದ್ದೆ ಮಾಡಿ, ಒಮ್ಮೊಮ್ಮೆ ನಾಲಿಗೆಗೂ ಹಚ್ಚಿ ನೋಡುವುದು. ಯಾರಿಗೆ ಕಲ್ಲು ಓದಲು ಬಂತೋ ಅವರ ಸುತ್ತಿಗೆಯ ಹಿಡಿಯ ಮೇಲೆ ಗುರುಗಳು ಆ ದಿನವನ್ನು ಕೊರೆದು ಕೊಡುವರು. ಅಲ್ಲಿಗೆ ವಿದ್ಯೆ ಮುಗಿದಂತೆ.

ವೃಷಭೇಂದ್ರನ ಸುತ್ತಿಗೆಯ ಹಿಡಿ ಇನ್ನೂ ಬೋಳಾಗಿಯೇ ಇತ್ತು. ಅವನ ನಂತರ ಬಂದವರ ಹಿಡಿಗಳ ಮೇಲೂ ಅಕ್ಷರ ಮೂಡಿದ್ದವು.

ಒಂದು ಬೆಳಗ್ಗೆ ದಂಡೆಯ ಕೆಂಪು ಹಾಸುಗಲ್ಲಿನಿಂದ ಅವನು ಒಂದು ಚಪ್ಪಡಿ ಎಬ್ಬಿಸಿದ. ಅದರ ಮೈತುಂಬ ಬಟಾಣಿ ಕಾಳಿನಂಥ ಗುಳ್ಳೆಗಳು. ಪಳೆಯುಳಿಕೆಯೇ ಸರಿ, ಎಷ್ಟೋ ಕೋಟಿ ವರ್ಷದ ಹಿಂದಿನ ಯಾವುದೋ ಜೀವಿಯ ಮೊಟ್ಟೆಗಳು ಎಂದುಕೊಂಡು ಹೆಗಲ ಮೇಲೆ ಹೊತ್ತು ತಂದ. ದಾರಿಯುದ್ದಕ್ಕೂ ಹಿಡಿಯ ಮೇಲಿನ ಅಕ್ಷರಗಳೇ ಕಣ್ಣ ಮುಂದೆ. ಅಂಗಳದಲ್ಲಿ ಇಳಿಸಿ, "ಮೊಟ್ಟಿ ಸಿಕ್ಕಾವ್ರಿ" ಎಂದ.

"ಕೋಳಿ ಕಾವಿಗೆ ಕೂಡಸೂಣೇನೋ?" ಎಂದ ಜೊತೆಗೆ ಕಲಿಯುತ್ತಿದ್ದ ಗದಿಗೆಯ್ಯ.

ಗುರುಗಳು ನಗಲಿಲ್ಲ. "ಇದು ತನ್ನ ಜಾಗಾದಾಗ ಇದ್ದಾಗ ಆಕಾಶ ಯಾವ ಕಡೆ ಇತ್ತು?"

ವೃಷಭೇಂದ್ರ ಚಪ್ಪಡಿಯನ್ನು ಆಚೀಚೆ ತಿರುಗಿಸಿ ನೋಡಿದ. ಕಲ್ಲು ಕೀಳುವ ಮೊದಲು ಅದರ ಆಕಾಶದ ಕಡೆಯ ಮೈಗೆ ಗುರುತು ಹಾಕಬೇಕೆಂದು ನಿನ್ನೆ ಮೊನ್ನೆ ಬಂದವರಿಗೂ ಗೊತ್ತು. ಖುಷಿಯಲ್ಲಿ ಅವನು ಅದನ್ನೇ ಮರೆತಿದ್ದ.

"ಗುಳ್ಳಿ ಇದ್ದ ಕಡೆ ಇರಬೇಕ್ರಿ."

"ಇರಬೇಕು?"

ಸುತ್ತಿಗೆ ಹೋಯಿತು, ಚೊಂಬು ಬಂತು. ಹೊಳೆಯಂಚಿನ ಕೆಸರನ್ನು ನುಣ್ಣಗೆ ಸವರಿ, ಅದರ ಮೇಲೆ ಬೆರಳಿನಿಂದ ನೀರು ಚಿಮುಕಿಸಿ ಬಾ ಎಂದರು, ಅಷ್ಟೇ.

ಇದೆಂಥ ಶಿಕ್ಷೆ ಎಂದು ಗೊಣಗುತ್ತಲೇ ಅವನು ಚಿಮುಕಿಸಿದ. ಕೆಸರಿನ ತುಂಬ ಸಣ್ಣ ಸಣ್ಣ ಕುಳಿ ಬಿದ್ದವು. ಬಿಸಿಲಿಗೆ ಅವು ಗಟ್ಟಿಯಾದ ಮೇಲೆ ಗುರುಗಳು ಮತ್ತೆ ಕಳಿಸಿದರು: ಮರಳು ಬೆರೆಸಿದ ತೆಳ್ಳನೆಯ ಕೆಸರನ್ನು ಮೇಲೆ ಹೊಯ್ಯಿ, ಒಣಗಲಿ, ಆಮೇಲೆ ಎಬ್ಬಿಸು.

ಒಣಗಿದ ಹೆಂಟೆಯನ್ನು ಎಬ್ಬಿಸಿ ಮಗುಚಿದ ವೃಷಭೇಂದ್ರ ಕುಕ್ಕರಿಸಿಬಿಟ್ಟ. ಅದರ ಅಡಿಯಲ್ಲಿ ಬಟಾಣಿಯಂಥ ಗುಳ್ಳೆಗಳು!

ಅವನು ಓಡಿದ್ದನ್ನು ನೀವು ನೋಡಬೇಕಿತ್ತು. ಚಪ್ಪಡಿ ಹೆಗಲ ಮೇಲೆ, ಒಂದು ಚಪ್ಪಲಿ ಎಲ್ಲೋ ದಾರಿಯಲ್ಲಿ. ಕಿತ್ತ ಜಾಗದ ಧೂಳನ್ನು ಪಂಚೆಯ ಸೆರಗಿನಿಂದ ಒರೆಸಿದ. ಅಂದು ಅವನು ತಿರುಗಿಯೂ ನೋಡದ ಆ ಕೆಳಗಿನ ಹಾಸಿನಲ್ಲಿ ಕುಳಿಗಳಿದ್ದವು. ಗುಳ್ಳೆಗಳನ್ನು ಕೆಳಗೆ ಮಾಡಿ ಚಪ್ಪಡಿಯನ್ನು ಮೆಲ್ಲಗೆ ಜರುಗಿಸಿದ. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

ಬೆನ್ನ ಹಿಂದೆ ಗುರುಗಳ ಕೆಮ್ಮು ಕೇಳಿಸಿತು.

"ಮೊಟ್ಟಿ ಅಲ್ರಿ," ಎಂದ ಅವನು. "ಮಳಿ. ನಾ ಕಲ್ಲು ತಲಿಕೆಳಗ ಹಿಡಕೊಂಡಿದ್ದೆ."

"ಗಾಳಿ?"

ಚಪ್ಪಡಿಯನ್ನು ಮತ್ತೆ ಎತ್ತಿ, ಕಣ್ಣು ಮುಚ್ಚಿ ಕುಳಿಗಳ ಮೇಲೆ ಬೆರಳಾಡಿಸಿದ. ಒಂದೊಂದರ ಮೂಡಣದ ಅಂಚೂ ಕೂದಲೆಳೆಯಷ್ಟು ಎದ್ದಿತ್ತು.

"ಪಡುವಣ ಗಾಳಿ. ಓರೆ ಮಳಿ. ಭಾಳ ಹೊತ್ತು ಹಿಡೀಲಿಲ್ಲ, ಅದರ ಹಿಂದನ ಬಿಸಿಲು ಬಿತ್ತು. ಇಲ್ಲಾಂದ್ರ ಕುಳಿ ಎಲ್ಲಾ ಅಳಿಸಿ ಹೋಗತಿದ್ದುವು."

ಆ ಮಳೆ ಬಿದ್ದಾಗ ಅದನ್ನು ನೋಡಲು ಒಂದು ಹಕ್ಕಿಯೂ ಇರಲಿಲ್ಲ, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಬರೀ ಮಣ್ಣು, ಬರೀ ಮಳೆ. ವೃಷಭೇಂದ್ರನ ಕಣ್ಣು ತುಂಬಿಬಂತು. ಅದೇಕೆಂದು ಮುಂದೆ ಮುಪ್ಪಿನಲ್ಲಿಯೂ ಅವನಿಗೆ ಹೇಳಲಾಗುತ್ತಿರಲಿಲ್ಲ.

ಚಪ್ಪಡಿಯನ್ನು ಅದರ ಜಾಗದಲ್ಲೇ ಬಿಟ್ಟು ಎದ್ದ.

"ಗುರುಗಳೇ, ಈ ಮಳಿ ಬಿದ್ದದ್ದು ಯಾವತ್ತರೀ?"

ಗುರುಗಳು ಬಂಡೆಯ ಮೇಲೆ ಕೂತು, ಅವನ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಗೆ ಚಾಕುವಿನ ಮೊನೆ ಊರಿದರು.

"ಬಿದ್ದ ದಿನ ನನಗ ಗೊತ್ತಿಲ್ಲೋ ತಮ್ಮಾ. ನೀ ಅದರಾಗ ತೊಯ್ಸಿಕೊಂಡ ದಿನ ಗೊತ್ತೈತಿ: ಮಾಘ ಶುದ್ಧ ದಶಮಿ, ಗುರುವಾರ."