ದಾಟಿ ಹೋದವನು

ಐರ್ಲೆಂಡಿನಲ್ಲಿ ಆಶ್ರಮಗಳಿಲ್ಲ. ನದಿಗಳಿವೆ, ನದಿಯ ಪಕ್ಕದಲ್ಲಿ ಹಸಿರು ಮೈದಾನಗಳಿವೆ, ಬೈಯದೆ ಏನನ್ನೂ ಕಲಿಸಲು ಬಾರದ ಗುರುಗಳೂ ಇದ್ದಾರೆ. ನಮ್ಮ ಕಥೆಗೆ ಅಷ್ಟು ಸಾಕು.

ಅಂಥ ಒಂದು ನದಿಯ ದಡದಲ್ಲಿ ಕೋಲ್ಮನ್ ಮೇಷ್ಟ್ರು ಊರಿನ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ಫಿಂಟನ್ ಎಂಬುವನೊಬ್ಬ. ಅವನಿಗೆ ಗೋಲು ಹೊಡೆಯುವ ಆಸೆ. ಮೇಷ್ಟ್ರು ಅವನನ್ನು ಹಿಂದೆ, ಬಂದವರನ್ನು ತಡೆಯುವ ಜಾಗದಲ್ಲಿ ನಿಲ್ಲಿಸಿದರು.

"ನಾನ್ಯಾಕೆ ಹಿಂದೆ ನಿಲ್ಲಬೇಕು ಮೇಷ್ಟ್ರೇ?"

"ಮುಂದೆ ನಿಲ್ಲೋಕೆ ಬೇಕಾದಷ್ಟು ಜನ ಇದ್ದಾರೆ. ಹೋಗು."

ಹುಡುಗ ಹೋದ. ಹೋದವನು ಬಹಳ ದೂರ ಹೋದ. ಊರಿನ ತಂಡದಿಂದ ದೊಡ್ಡ ಕ್ಲಬ್ಬಿಗೆ, ಅಲ್ಲಿಂದ ದೇಶದ ತಂಡಕ್ಕೆ. ಕೋಚುಗಳು ಬಂದರು, ಹೋದರು. ಗೋಲು ಹೊಡೆಯುವವರು ಬಂದರು, ಮೆರೆದರು, ಅವರೂ ಹೋದರು. ಫಿಂಟನ್ ಮಾತ್ರ ಹದಿನೇಳು ವರ್ಷ ತನ್ನ ಜಾಗ ಬಿಟ್ಟು ಕದಲಲಿಲ್ಲ. ಅವನ ತಲೆಗೂದಲು ಅವನಿಗಿಂತ ಮೊದಲೇ ನಿವೃತ್ತಿಯಾಯಿತು.

ಅಂಥವನು ಒಂದು ಬೆಳಿಗ್ಗೆ ಮೇಷ್ಟ್ರ ಮುಂದೆ ಬಂದು ನಿಂತ. ಮುಖ ಸಪ್ಪಗಿತ್ತು.

ಮೇಷ್ಟ್ರು ಮೈದಾನದ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಈಗ ಅವರಿಗೆ ಎಂಬತ್ತರ ಹತ್ತಿರ. ಎಡಗಾಲು ಎಳೆದು ನಡೆಯುತ್ತಿದ್ದರು, ಕೈಗೆ ಊರುಗೋಲು ಬಂದಿತ್ತು. ಬಾಯಿ ಮಾತ್ರ ಹಾಗೇ ಇತ್ತು.

"ನಾಡಿದ್ದು ಅಷ್ಟು ದೊಡ್ಡ ಪಂದ್ಯ ಇಟ್ಕೊಂಡು ಇಲ್ಲೇನೋ ಮಾಡ್ತಿದ್ದೀಯ?"

"ಆಡೋದಿಲ್ಲ ಅಂತ ಹೇಳಿಬಿಡೋಣ ಅಂದ್ಕೊಂಡಿದ್ದೀನಿ ಮೇಷ್ಟ್ರೇ. ಮೊಣಕಾಲು ನೋವು ಅಂತ."

"ನೋವಿದೆಯಾ?"

"ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಕಾಲೇ ಡೊಂಕಾಯಿತಾ?"

ಬೇರೆಯವರು ಹೀಗೆ ಅಂದಿದ್ದರೆ ಫಿಂಟನ್ ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿದ್ದ. ಮೇಷ್ಟ್ರ ಮುಂದೆ ಅದು ನಡೆಯುವುದಿಲ್ಲ. ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಬಿಟ್ಟ.

"ಎದುರಿನ ತಂಡದಲ್ಲಿ ಒಬ್ಬ ಹುಡುಗ ಬಂದಿದ್ದಾನೆ. ಇಪ್ಪತ್ತು ವಯಸ್ಸು. ಓಡೋಕೆ ಶುರು ಮಾಡಿದ ಅಂದ್ರೆ ಕಣ್ಣಿಗೇ ಸಿಗಲ್ಲ. ನನ್ನ ಕಾಲಲ್ಲಿ ಮೊದಲಿನ ಕಸುವಿಲ್ಲ. ಅವನು ನನ್ನನ್ನು ದಾಟಿ ಹೋಗೇ ಹೋಗ್ತಾನೆ. ಇದೇ ನನ್ನ ಕೊನೆಯ ಪಂದ್ಯ ಆಗಬಹುದು, ಇಡೀ ದೇಶ ನೋಡ್ತಿರುತ್ತೆ. ಇಷ್ಟು ವರ್ಷ ಕೂಡಿಟ್ಟ ಹೆಸರು ಒಂದು ಸಂಜೆಗೆ ಮಣ್ಣುಪಾಲಾಗುತ್ತೆ."

"ಅದಕ್ಕೇ ಸುಳ್ಳು ಹೇಳಿ ಹೆಸರು ಉಳಿಸ್ಕೊಳ್ಳೋಣ ಅಂತ."

"ಹೌದು."

ಮೇಷ್ಟ್ರು ಸುಣ್ಣದ ಡಬ್ಬಿ ಕೆಳಗಿಟ್ಟರು. ಪಕ್ಕದಲ್ಲಿದ್ದ ಚೆಂಡನ್ನು ಊರುಗೋಲಿನಿಂದ ಅವನ ಕಾಲಿಗೆ ತಳ್ಳಿದರು.

"ನನ್ನನ್ನು ದಾಟಿ ಹೋಗಿ ಆ ಗೋಲಿಗೆ ಹೊಡಿ."

"ನಿಮ್ಮನ್ನಾ?"

"ಇನ್ಯಾರಿದ್ದಾರೆ ಇಲ್ಲಿ?"

"ಬಿದ್ದುಬಿಟ್ರೆ ಮೇಷ್ಟ್ರೇ?"

"ಬಿದ್ದರೆ ನಾನು ತಾನೇ ಬೀಳೋದು? ಬಾ."

ಫಿಂಟನ್ ಮನಸ್ಸಿಲ್ಲದ ಮನಸ್ಸಿನಿಂದ ಚೆಂಡು ಉರುಳಿಸಿಕೊಂಡು ಹೊರಟ. ಮೇಷ್ಟ್ರು ಎದುರಿಗೆ ನೆಟ್ಟಗೆ ನಿಂತಿರಲಿಲ್ಲ, ಮೈ ಓರೆ ಮಾಡಿ ನಿಂತಿದ್ದರು. ಮೈದಾನದ ನಡುವಿಗೆ ಹೋಗುವ ದಾರಿಯನ್ನು ಅವರ ಮೈಯೂ ಊರುಗೋಲೂ ಸೇರಿ ಮುಚ್ಚಿದ್ದವು. ನದಿಯ ಕಡೆಗಿನ ದಾರಿ ಮನೆ ಬಾಗಿಲಿನಷ್ಟು ತೆರೆದಿತ್ತು.

ತೆರೆದ ಕಡೆಯಿಂದ ಅವನು ನುಗ್ಗಿದ. ಒಂದೇ ನೆಗೆತಕ್ಕೆ ಮೇಷ್ಟ್ರು ಹಿಂದೆ ಉಳಿದರು.

"ದಾಟಿದೆ!" ಎಂದು ಕೂಗಿಯೇಬಿಟ್ಟ.

ಈಗ ಒಳಕ್ಕೆ, ಗೋಲಿನ ಕಡೆಗೆ ತಿರುಗಬೇಕು. ತಿರುಗಲು ನೋಡಿದರೆ ಅಲ್ಲಿ ಊರುಗೋಲು ಅಡ್ಡ. ಇನ್ನೆರಡು ಹೆಜ್ಜೆ ಹಾಕಿ ತಿರುಗೋಣವೆಂದರೆ ಮೇಷ್ಟ್ರು ಕುಂಟುತ್ತ ಅಲ್ಲಿಗೂ ಬಂದಿದ್ದರು. ಅವರಿಗೆ ಓಡುವ ಅಗತ್ಯವೇ ಇರಲಿಲ್ಲ, ಒಳಗಿನ ದಾರಿ ಹತ್ತಿರದ್ದು. ಮೂರನೆಯ ಸಲ ತಿರುಗಲು ಹೋದಾಗ ಕಾಲ ಕೆಳಗೆ ದಡ ಮುಗಿದುಹೋಗಿತ್ತು.

ದೇಶದ ತಂಡದ ಹಿರಿಯ ಆಟಗಾರ ದೊಪ್ಪೆಂದು ನದಿಗೆ ಬಿದ್ದ. ಆ ದೇಶದ ನದಿಗಳಲ್ಲಿ ಬೇಸಿಗೆಯಲ್ಲೂ ಹಲ್ಲು ಕಟಕಟ ಎನ್ನುತ್ತವೆ.

ಮೇಷ್ಟ್ರು ದಡದ ಮೇಲೆ ಊರುಗೋಲು ಊರಿ ನಿಂತು ಕೇಳಿದರು.

"ನನ್ನನ್ನು ದಾಟಿದೆಯಾ?"

"ದಾಟಿದೆ."

"ಈಗ ಎಲ್ಲಿದ್ದೀಯ?"

"ನೀರಲ್ಲಿ."

"ಗೋಲು ಎಲ್ಲಿದೆ?"

"ಅಲ್ಲಿ."

"ಚೆಂಡು?"

ಚೆಂಡು ತೇಲಿಕೊಂಡು ಸಮುದ್ರದ ಕಡೆಗೆ ಹೊರಟಿತ್ತು.

"ಮೊದಲು ಅದನ್ನು ಹಿಡಿ. ಮಕ್ಕಳು ಸಂಜೆ ಆಡೋಕೆ ಬರ್ತಾರೆ."

ಫಿಂಟನ್ ಚೆಂಡು ಹಿಡಿದು, ನಡುಗುತ್ತ ಮೇಲೆ ಬಂದ. ಮೇಷ್ಟ್ರು ತಮ್ಮ ಕೋಟು ಬಿಚ್ಚಿ ಅವನಿಗೆ ಹೊದಿಸಿದರು.

"ಅಂದ್ರೆ, ಅವನು ದಾಟಿದರೆ ದಾಟಲಿ ಅಂತೀರಾ?"

"ನಾನೇನೂ ಅನ್ನಲಿಲ್ಲ. ಬಿದ್ದವನು ನೀನು, ಯೋಚನೆಯೂ ನಿನ್ನದೇ." ಸುಣ್ಣದ ಡಬ್ಬಿ ಎತ್ತಿಕೊಂಡರು. "ಮೊಣಕಾಲು ಹೇಗಿದೆ?"

"ಚೆನ್ನಾಗಿದೆ ಮೇಷ್ಟ್ರೇ."

ಎರಡು ದಿನ ಕಳೆದು ಫಿಂಟನ್ ಮೈದಾನಕ್ಕಿಳಿದ.

ಗೆದ್ದರೆ ದೊಡ್ಡ ಟೂರ್ನಿಗೆ ಪ್ರವೇಶ, ಇಲ್ಲವಾದರೆ ಮನೆ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಐರ್ಲೆಂಡ್ ಒಂದು ಗೋಲು ಹೊಡೆಯಿತು. ಉಳಿದಷ್ಟೂ ಹೊತ್ತು ಅದನ್ನು ಕಾಪಾಡಿಕೊಳ್ಳಬೇಕಿತ್ತು.

ಆ ಹುಡುಗ ಬಂದ. ಫಿಂಟನ್ ಎದುರಿಗೆ ನೆಟ್ಟಗೆ ನಿಲ್ಲಲಿಲ್ಲ, ಮೈ ಓರೆ ಮಾಡಿ ನಿಂತ. ಒಳದಾರಿ ಮುಚ್ಚಿದ, ಹೊರದಾರಿ ಬಿಟ್ಟುಕೊಟ್ಟ. ಹುಡುಗ ಗಾಳಿಯಂತೆ ಹೊರಗಿನಿಂದ ಹೋದ, ಹೋಗಿ ಮೈದಾನದ ಮೂಲೆ ಸೇರಿದ. ಅಲ್ಲಿಂದ ಗೋಲು ಕಾಣುತ್ತಿತ್ತೇ ಹೊರತು ಎಟುಕುತ್ತಿರಲಿಲ್ಲ. ಚೆಂಡು ಗೆರೆ ದಾಟಿ ಹೊರಗೆ ಹೋಯಿತು.

ಮತ್ತೆ ಬಂದ, ಮತ್ತೆ ಮೂಲೆ ಸೇರಿದ. ಜನ ಹಾಡಲು ಶುರು ಮಾಡಿದರು. ಫಿಂಟನ್‌ಗೆ ನಗು ಬಂತು. ಹದಿನೇಳು ವರ್ಷದಲ್ಲಿ ಆಟದ ನಡುವೆ ಅವನು ನಕ್ಕದ್ದು ಅದೇ ಮೊದಲು.

ಆದರೆ ಆ ಹುಡುಗನೂ ದಡ್ಡನಲ್ಲ. ಇನ್ನೇನು ಆಟ ಮುಗಿಯಬೇಕು ಅನ್ನುವಾಗ ಹೊರಗೆ ಹೋಗುವಂತೆ ಭುಜ ಕುಣಿಸಿ ಸರಕ್ಕನೆ ಒಳಕ್ಕೆ ತಿರುಗಿದ. ಫಿಂಟನ್ ತಿರುಗಲು ಹೋಗಿ ಕಾಲು ಜಾರಿ ಅಂಗಾತ ಬಿದ್ದ.

ಯಾವುದಕ್ಕೆ ಹೆದರಿ ಸುಳ್ಳು ಹೇಳಲು ಹೊರಟಿದ್ದನೋ ಅದೇ ಆಗಿತ್ತು. ಇಡೀ ದೇಶ ನೋಡುತ್ತಿತ್ತು. ಹಾಡು ನಿಂತಿತು.

ಹುಲ್ಲಿನ ಮೇಲೆ ಬಿದ್ದಲ್ಲೇ ಅವನಿಗೆ ಒಂದು ವಿಚಿತ್ರ ನೆಮ್ಮದಿಯಾಯಿತು. ದಾಟುವವನು ದಾಟಿಯಾಯಿತು. ಇನ್ನು ಹೆದರಲು ಏನಿದೆ? ಗೋಲು ಮಾತ್ರ ಇನ್ನೂ ಆಗಿರಲಿಲ್ಲ.

ಎದ್ದ. ಓಡಿದ.

ಹುಡುಗ ಗೋಲ್‌ಕೀಪರನನ್ನೂ ತಪ್ಪಿಸಿದ. ತಪ್ಪಿಸುವಾಗ ಚೆಂಡು ಒಂದಿಷ್ಟು ಪಕ್ಕಕ್ಕೆ ಸರಿಯಿತು. ಅದನ್ನು ಸರಿಪಡಿಸಿಕೊಂಡು, ಖಾಲಿ ಗೋಲಿನ ಕಡೆಗೆ ಕಾಲು ಬೀಸಿದ. ಗೋಲಾಯಿತೆಂದು ಅವನ ಕಡೆಯವರು ಆಗಲೇ ಎದ್ದು ನಿಂತಿದ್ದರು.

ಚೆಂಡು ಹೋಗಿ ಬಡಿದದ್ದು ಒಂದು ಬೋಳು ತಲೆಗೆ. ಗೋಲಿನ ಗೆರೆಯ ಮೇಲೆ ಏದುಸಿರು ಬಿಡುತ್ತ ನಿಂತಿದ್ದ ಫಿಂಟನ್‌ನ ತಲೆಗೆ. ಅಲ್ಲಿಂದ ಪುಟಿದು ಗೋಲಿನ ಮೇಲಿಂದ ಆಚೆ ಹೋಯಿತು.

ರೆಫರಿ ಸೀಟಿ ಊದಿದ. ಆಟ ಮುಗಿದಿತ್ತು, ಐರ್ಲೆಂಡ್ ಗೆದ್ದಿತ್ತು.

ಹಿಂದೆ ನಿಲ್ಲುವವನನ್ನು ಯಾರೂ ಹೆಗಲ ಮೇಲೆ ಹೊರುವುದಿಲ್ಲ. ಆ ಸಂಜೆ ಹೊತ್ತರು. ಇಡೀ ಮೈದಾನ ಒಂದು ಸುತ್ತು ಹೊತ್ತು ತಿರುಗಿದರು, ಸಾವಿರಾರು ಗಂಟಲು ಅವನ ಹೆಸರನ್ನೇ ಹಾಡಾಗಿ ಹಾಡಿದವು. ಮೇಲೆ ಕೂತ ಅಷ್ಟು ದೊಡ್ಡ ಗಂಡಸು ಮಗುವಿನಂತೆ ಅತ್ತ. ಅಷ್ಟು ಸಂತೋಷವನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಚಹಾ ಕುಡಿಯುತ್ತ ಪತ್ರಿಕೆ ಓದುತ್ತಿದ್ದರು. ಮುಖಪುಟದ ತುಂಬ ಫಿಂಟನ್.

"'ಯಾರೂ ದಾಟಲಾಗದ ಗೋಡೆ' ಅಂತ ಬರೆದಿದ್ದಾರೆ," ಎಂದರು ಮೇಷ್ಟ್ರು.

"ದಾರಿಯುದ್ದಕ್ಕೂ ಜನ ಅದನ್ನೇ ಕೂಗ್ತಿದ್ರು."

"ಮತ್ತೆ? ಸಂತೋಷ ಆಗಲಿಲ್ವಾ?"

"ಆಯ್ತು ಮೇಷ್ಟ್ರೇ, ಸುಳ್ಳು ಯಾಕೆ ಹೇಳಲಿ. ಆದರೆ ಬರೆದಿರೋದು ನಿಜ ಅಲ್ಲ. ಅವನು ದಾಟಿದ. ನಾನು ನೆಲಕ್ಕೆ ಬಿದ್ದೆ. ನೀವೂ ಟಿವಿಯಲ್ಲಿ ನೋಡಿರ್ತೀರಿ."

"ನೋಡಿದೆ."

"ಗೋಡೆ ಅನ್ನಿಸ್ಕೊಳ್ಳೋಕೆ ನನಗೆ ನಾಚಿಕೆ ಆಗುತ್ತೆ."

"ನಾಚಿಕೆ ಯಾಕೆ? ಸಿಟ್ಟು ಬರಬೇಕು." ಮೇಷ್ಟ್ರು ಪತ್ರಿಕೆಯನ್ನು ಮಡಿಸಿ ಬದಿಗಿಟ್ಟರು. ಇನ್ನೊಂದು ಲೋಟಕ್ಕೆ ಚಹಾ ಬಗ್ಗಿಸಿ ಶಿಷ್ಯನ ಮುಂದೆ ಸರಿಸಿದರು.

"ಬಿದ್ದ ಗೋಡೆ ಎದ್ದು ಓಡಿದ್ದನ್ನು ಎಲ್ಲಾದರೂ ಕಂಡಿದ್ದೀಯೇನಯ್ಯಾ?"