ಎರಡು ದಡಗಳ ದೊರೆ

ಬಾಚರಸನೆಂಬ ಶಿಷ್ಯನಿದ್ದ. ಗುರುಕುಲದ ಗ್ರಂಥಭಂಡಾರದಲ್ಲಿದ್ದ ರಾಜರ ಚರಿತ್ರೆಗಳನ್ನೂ ಯುದ್ಧನೀತಿಗಳನ್ನೂ ಆಡಳಿತದ ಗ್ರಂಥಗಳನ್ನೂ ಓದಿ ಮುಗಿಸಿದ್ದ. ಒಂದು ರಾಜ್ಯದಿಂದ ಮಂತ್ರಿಯಾಗಲು ಕರೆ ಬಂದಿತ್ತು. ಹೊರಡುವ ಮುನ್ನ ಗುರುಗಳ ಮುಂದೆ ಕುಳಿತು ಕೇಳಿದ:

"ಗುರುಗಳೇ, ಬೇರೆ ಬೇರೆ ಕಾಲದ ಗ್ರಂಥಗಳನ್ನು ಓದಿದೆ. ಒಂದರ ಮಾತನ್ನು ಇನ್ನೊಂದು ಒಪ್ಪುವುದಿಲ್ಲ. ಆದರೆ ಕೈಗೆ ಸಿಕ್ಕ ಶತ್ರುವನ್ನು ಉಳಿಸಬಾರದು ಎನ್ನುವಲ್ಲಿ ಮಾತ್ರ ಎಲ್ಲಕ್ಕೂ ಒಂದೇ ದನಿ. ಇದನ್ನು ಕಣ್ಣು ಮುಚ್ಚಿ ನಂಬಬಹುದೇ?"

ಗುರುಗಳು ಈ ಕತೆ ಹೇಳಿದರು.

ಒಂದು ನದಿಯ ಈಚೆ ದಡದಲ್ಲಿ ಒಬ್ಬ ದೊರೆ ಇದ್ದ. ಅವನ ತಂದೆಯೂ ಅಣ್ಣಂದಿರೂ ಒಂದೇ ಯುದ್ಧದಲ್ಲಿ ಸತ್ತಿದ್ದರು. ಮೀಸೆ ಮೂಡುವ ಮೊದಲೇ ಅವನಿಗೆ ಪಟ್ಟವಾಯಿತು. ತಿಳಿಯದೆ ಸೋತೆನೆಂಬ ಮಾತು ತನ್ನ ಬಾಯಿಂದ ಬರಬಾರದೆಂದು ಅವನು ನಿಶ್ಚಯಿಸಿದ. ದೇಶದೇಶಗಳಿಂದ ಗ್ರಂಥಗಳನ್ನು ತರಿಸಿದ. ಅಳಿದುಹೋದ ರಾಜವಂಶಗಳ ಚರಿತ್ರೆ ಓದಿದ. ಯಾವ ಕೋಟೆ ಏಕೆ ಬಿತ್ತು, ಯಾವ ಅರಸನ ಪ್ರಜೆಗಳು ಏಕೆ ತಿರುಗಿಬಿದ್ದರು, ಎಲ್ಲವನ್ನೂ ಓದಿದ.

ಓದಿದ್ದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸಭೆಯಲ್ಲಿ ಹೇಳಿದರೆ ಮಂತ್ರಿಗಳು ಕೈಮುಗಿದು "ಅಪ್ಪಣೆ" ಎನ್ನುತ್ತಿದ್ದರು. ದಳವಾಯಿ ಕುಳಿತಲ್ಲೇ ತೂಕಡಿಸುತ್ತಿದ್ದ. ರಾಣಿ ಮಾತ್ರ ನೇರವಾಗಿ ಹೇಳಿದಳು: "ಸತ್ತವರ ಸುದ್ದಿ ಊಟದ ಹೊತ್ತಿನಲ್ಲಿ ಬೇಡ." ಅಂದಿನಿಂದ ದೊರೆ ಉಣ್ಣುವಾಗ ಮಾತಾಡಲಿಲ್ಲ. ಕ್ರಮೇಣ ಬೇರೆ ಹೊತ್ತಿನಲ್ಲೂ ಮಾತು ಕಡಿಮೆಯಾಯಿತು.

ನದಿಯ ಆಚೆ ದಡ ಇನ್ನೊಬ್ಬ ಅರಸನದು. ನಡುವೆ ಒಂದು ನಡುಗಡ್ಡೆ. ಅದು ಯಾರದೆಂಬ ಜಗಳ ಅಜ್ಜಂದಿರ ಕಾಲದ್ದು. ಒಂದು ವರ್ಷ ಯುದ್ಧ ಹತ್ತಿಕೊಂಡಿತು. ದೊರೆ ಹಳೆಯ ಚರಿತ್ರೆಯೊಂದರ ತಂತ್ರ ಹೂಡಿದ. ಅವನ ಸೈನ್ಯದ ನಡುಭಾಗ ಹೆದರಿ ಓಡಿದಂತೆ ನಟಿಸಿತು. ಅಟ್ಟಿಸಿಕೊಂಡು ಬಂದವರನ್ನು ಎರಡೂ ಕಡೆಯಿಂದ ಮುತ್ತಬೇಕು, ಅದು ಉಪಾಯ. ಆಚೆಯ ಸೈನ್ಯ ಅಟ್ಟಿಸಿಕೊಂಡು ಬರಲಿಲ್ಲ. ನಿಂತಲ್ಲೇ ನಿಂತಿತು. ಅಲ್ಲಿಂದ ಒಬ್ಬ ದೂತ ಬಂದ.

"ನಮ್ಮ ಅರಸರು ಹೇಳಿ ಕಳಿಸಿದ್ದಾರೆ. ಈ ತಂತ್ರಕ್ಕೆ ಸಿಕ್ಕಿ ಸತ್ತವನ ಚರಿತ್ರೆ ಅವರ ಬಳಿಯೂ ಇದೆಯಂತೆ."

ದೊರೆ ಗಟ್ಟಿಯಾಗಿ ನಕ್ಕುಬಿಟ್ಟ. ಅವನು ನಕ್ಕದ್ದನ್ನು ಎಂದೂ ನೋಡಿರದ ದಳವಾಯಿ ಗಾಬರಿಯಾದ.

ಮಳೆಗಾಲ ಬಂದು ಯುದ್ಧ ನಿಂತಿತು. ಸೆರೆಯಾಳುಗಳ ಬಿಡುಗಡೆಯ ಮಾತಿಗೆಂದು ನಡುಗಡ್ಡೆಯಲ್ಲಿ ಡೇರೆ ಹೊಡೆದರು. ಇಬ್ಬರೂ ಎದುರುಬದುರು ಕುಳಿತರು. ಕೆಲಸದ ಮಾತು ಬೇಗ ಮುಗಿಯಿತು, ಆದರೆ ಯಾರೂ ಏಳಲಿಲ್ಲ. ಹಿಂದಿನ ಕಾಲದ ರಾಜನೊಬ್ಬ ತಿರುಗಿಬಿದ್ದ ಪಟ್ಟಣವನ್ನು ಗೆದ್ದು, ಅಲ್ಲಿನವರನ್ನು ಕ್ಷಮಿಸಿ, ಕೊನೆಗೆ ರಾಜ್ಯವನ್ನೇ ಕಳೆದುಕೊಂಡಿದ್ದ. ಅವನ ಮಾತು ಬಂತು.

"ಕ್ಷಮಿಸಿ ಕೆಟ್ಟ" ಎಂದ ದೊರೆ.

"ತಪ್ಪು" ಎಂದ ಅರಸ. "ಕ್ಷಮಿಸಿದ್ದರಿಂದ ಕೆಡಲಿಲ್ಲ. ಕ್ಷಮಿಸಿದವರ ಮೇಲೆ ಮರುವರ್ಷವೇ ಕಂದಾಯ ಏರಿಸಿ ಕೆಟ್ಟ. ನೀವು ಅವಸರದಲ್ಲಿ ಓದಿದ್ದೀರಿ. ಇನ್ನೊಮ್ಮೆ ಓದಿ."

ಪಟ್ಟವೇರಿದ ಮೇಲೆ ದೊರೆಗೆ 'ತಪ್ಪು' ಎಂದವರು ಯಾರೂ ಇರಲಿಲ್ಲ. ಅರಮನೆಗೆ ಮರಳಿದವನೇ ಆ ಗ್ರಂಥ ತೆಗೆಸಿ ಓದಿದ. ಅರಸ ಹೇಳಿದ್ದೇ ಸರಿಯಾಗಿತ್ತು. ದೊರೆಗೆ ಸಿಟ್ಟು ಬರಲಿಲ್ಲ. ಹಸಿವಾಯಿತು. ಆ ದಿನ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಉಂಡ.

ಹೀಗೆ ಬೇಸಗೆಯಲ್ಲಿ ಕಾದಾಟ, ಮಳೆಗಾಲದಲ್ಲಿ ನಡುಗಡ್ಡೆಯ ಮಾತು. ವರ್ಷಗಳು ಕಳೆದವು. ಸೆರೆಯಾಳುಗಳು ಇಲ್ಲದ ವರ್ಷವೂ ಏನಾದರೊಂದು ನೆಪ ಹುಟ್ಟಿಸಿಕೊಂಡು ಇಬ್ಬರೂ ಕೂಡುತ್ತಿದ್ದರು. ದೊರೆ ಓದುವಾಗಲೇ, ಇದಕ್ಕೆ ಅವನು ಏನೆನ್ನುತ್ತಾನೋ ಎಂದು ಯೋಚಿಸುತ್ತಿದ್ದ.

ಒಂದು ವರ್ಷ ಆಚೆ ದಡಕ್ಕೆ ಮಾರಿಬೇನೆ ಬಂತು. ಸೈನ್ಯ ಅರ್ಧವಾಯಿತು. ದಳವಾಯಿ ನದಿ ದಾಟೋಣವೆಂದ. ಸಮಯ ಬಿಡಬಾರದೆಂದು ಗ್ರಂಥಗಳೂ ಹೇಳುತ್ತಿದ್ದವು. ದೊರೆ ದಾಟಿದ, ಗೆದ್ದ. ಅರಸ ಜೀವಂತ ಸಿಕ್ಕಿದ.

ಮಂತ್ರಿಗಳು ಮರಣದಂಡನೆಯೇ ಸರಿಯೆಂದರು. ಸಿಕ್ಕ ಶತ್ರುವನ್ನು ಉಳಿಸಬಾರದೆಂಬ ಮಾತನ್ನು ಅವರು ದೊರೆಯ ಬಾಯಿಂದಲೇ ಎಷ್ಟೋ ಸಲ ಕೇಳಿದ್ದರು. ದೊರೆ ಒಬ್ಬನೇ ಸೆರೆಮನೆಗೆ ಹೋದ.

"ಗ್ರಂಥಗಳು ಏನನ್ನುತ್ತವೆ, ನಿಮಗೆ ಗೊತ್ತು" ಎಂದ.

"ಗೊತ್ತು" ಎಂದ ಅರಸ. "ನಾನು ಗೆದ್ದಿದ್ದರೆ ನಾನೂ ಅವನ್ನೇ ಬಿಚ್ಚಿಕೊಂಡು ಕೂರುತ್ತಿದ್ದೆ. ಆದರೆ..."

ದೊರೆ ಕಾದ. ಯಾವ ಮಾತೂ ಮುಂದುವರಿಯಲೆಂದು ಅವನು ಎಂದೂ ಅಷ್ಟು ಬಯಸಿರಲಿಲ್ಲ.

ಅರಸ ತಲೆಯಾಡಿಸಿದ. "ಬೇಡ ಬಿಡಿ. ಬದುಕುವ ಆಸೆಯಿಂದ ಆಡಿದ ಮಾತು ವಾದವಾಗುವುದಿಲ್ಲ."

ದೊರೆ ಹೊರಗೆ ಬಂದು ಅಪ್ಪಣೆ ಕೊಟ್ಟ. ಮರುದಿನ ಬೆಳಿಗ್ಗೆ ಅರಸನ ತಲೆ ಹೋಯಿತು.

ಎರಡೂ ದಡಗಳು ದೊರೆಯವಾದವು. ಗೆದ್ದ ನಾಡಿನ ಮೇಲೆ ಅವನು ಕಂದಾಯ ಏರಿಸಲಿಲ್ಲ. ಜನ ತಿರುಗಿಬೀಳಲಿಲ್ಲ. ಕೆರೆಗಳು ತುಂಬಿದವು, ದಾರಿಗಳಲ್ಲಿ ಕಳ್ಳರ ಭಯ ತೊಲಗಿತು. 'ಶತ್ರುವಿಲ್ಲದ ದೊರೆ' ಎಂದು ಕಲ್ಲಿನಲ್ಲಿ ಕೆತ್ತಿದರು.

ಅವನು ಓದುವುದನ್ನು ಬಿಡಲಿಲ್ಲ. ಆದರೆ ಓದುತ್ತಾ ಓದುತ್ತಾ ಒಂದು ಕಡೆ ನಿಲ್ಲುತ್ತಿದ್ದ. ಇದಕ್ಕೆ ಅವನು ಏನೆನ್ನುತ್ತಾನೋ ಎಂದು ಮನಸ್ಸು ಅಭ್ಯಾಸದಿಂದ ಕೇಳುತ್ತಿತ್ತು. ಆ ಪುಟದಾಚೆಗೆ ಓದು ಸಾಗುತ್ತಿರಲಿಲ್ಲ.

ಒಂದು ದಿನ ಸಭೆಯಲ್ಲಿ ಬೇಕೆಂದೇ ಹೇಳಿದ: "ಆ ಹಿಂದಿನ ರಾಜ ಕ್ಷಮಿಸಿ ಕೆಟ್ಟ."

"ಹೌದು ಪ್ರಭು" ಎಂದರು ಎಲ್ಲರೂ.

ಮರುದಿನ ಹೇಳಿದ: "ಆ ರಾಜ ಕ್ಷಮಿಸಿದ್ದರಿಂದ ಕೆಡಲಿಲ್ಲ."

"ಹೌದು ಪ್ರಭು" ಎಂದರು ಎಲ್ಲರೂ.

ಸತ್ತ ಅರಸನ ಮುದಿ ಮಂತ್ರಿಯನ್ನು ದೊರೆ ಆಚೆ ದಡದಿಂದ ಕರೆಸಿದ. ಪಕ್ಕದಲ್ಲಿ ಕೂರಿಸಿಕೊಂಡು, ಭಯಪಡದೆ ತನ್ನ ತಪ್ಪು ತೋರಿಸಬೇಕೆಂದು ಬೇಡಿದ.

"ಪ್ರಭುಗಳು ಹೇಳಿದ್ದೇ ಸರಿ" ಎಂದ ಮುದುಕ.

"ನಿಮ್ಮ ಅರಸ ಹೀಗೆ ಹೇಳುತ್ತಿರಲಿಲ್ಲ."

"ಇಲ್ಲ ಪ್ರಭು. ಅವರಿಗೆ ಏನಾಯಿತೆಂದು ನೋಡಿದ್ದೇನೆ."

ದೊರೆ ಅವನಿಗೆ ಶಾಲು ಹೊದಿಸಿ ಕಳಿಸಿಕೊಟ್ಟ. ಮತ್ತೆ ಯಾರನ್ನೂ ಕರೆಸಲಿಲ್ಲ.

ಮಳೆಗಾಲ ಬಂದಾಗ ನಡುಗಡ್ಡೆಯಲ್ಲಿ ಡೇರೆ ಹೊಡೆಸಿದ. ಏಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಬ್ಬನೇ ದೋಣಿಯಲ್ಲಿ ಹೋಗಿ ಸಂಜೆಯವರೆಗೆ ಕುಳಿತು ಬಂದ. ದಳವಾಯಿ ಪದ್ಧತಿಯಂತೆ ಎರಡೂ ದಡಗಳಲ್ಲಿ ಬಿಲ್ಲಾಳುಗಳನ್ನು ನಿಲ್ಲಿಸಿದ್ದ. ಎರಡೂ ಕಡೆಯವರು ಈಗ ದೊರೆಯವರೇ. ಬದುಕಿರುವಷ್ಟು ಕಾಲವೂ ಅವನು ಹಾಗೆ ಹೋಗಿ ಕುಳಿತ. ಬಹಳ ಕಾಲ ಬದುಕಿದ.

ಗುರುಗಳು ಕತೆ ನಿಲ್ಲಿಸಿದರು. ಬಾಚರಸ ಯೋಚಿಸಿ ಹೇಳಿದ:

"ದೊರೆ ಗ್ರಂಥದಲ್ಲಿದ್ದಂತೆಯೇ ನಡೆದ. ನಾಡು ಸುಖವಾಗಿತ್ತು. ಅವನು ಒಂಟಿಯಾದ, ನಿಜ. ಆದರೆ ಅದು ರಾಜ್ಯದ ನಷ್ಟವಲ್ಲ. ರಾಜನೀತಿಯ ಲೆಕ್ಕದಲ್ಲಿ ಅವನು ಮಾಡಿದ ತಪ್ಪೇನು, ಗುರುಗಳೇ?"

"ಅದನ್ನು ಹೇಳಬಲ್ಲವನು ಒಬ್ಬನಿದ್ದನಪ್ಪಾ" ಎಂದರು ಗುರುಗಳು, "ಅವನ ತಲೆಯನ್ನು ದೊರೆ ತೆಗೆಸಿದ."